ಅಣ್ಣನ ತಲೆಯ ಕಿರೀಟ

ನನ್ನ ಅಣ್ಣ ಮತ್ತು ನಾನು ಆಕ್ಲೆಂಡಿನ ಒಂದೇ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ನರ್ಸುಗಳು. ನನ್ನನ್ನು ಇಲ್ಲಿಗೆ ಕರೆಸಿಕೊಂಡವನು ಅವನೇ. ಉಳಿಯಲು ಕೋಣೆ, ರಿಜಿಸ್ಟ್ರೇಷನ್ನಿನ ಕಾಗದಪತ್ರ, ಚಳಿಗೆ ಜಾಕೆಟ್ಟು, ಎಲ್ಲವೂ ಅವನ ಏರ್ಪಾಡು. ಹೋದ ವರ್ಷ ಇಡೀ ವಾರ್ಡಿನ ಹೊಣೆ ಹೊತ್ತಿದ್ದ ಚಾರ್ಜ್ ನರ್ಸ್ ಕೆಲಸ ಬಿಟ್ಟಾಗ ಎಂಟು ತಿಂಗಳು ಆ ಜಾಗವನ್ನು ಅವನೇ ನೋಡಿಕೊಂಡ. ಹುದ್ದೆ ಕಾಯಂ ಮಾಡಲು ಅರ್ಜಿ ಕರೆದಾಗ ಅವನಿಗೆ ಹೇಳದೆ ನಾನೂ ಹಾಕಿದೆ. ನನಗೇ ಸಿಕ್ಕಿತು. ಅವನಿಗೆ ಗೊತ್ತಾದದ್ದು ಇಡೀ ವಾರ್ಡಿಗೆ ಬಂದ ಇಮೇಲಿನಿಂದ.

ಅವನು ಜಗಳವಾಡಲಿಲ್ಲ. ಆಡಿದ್ದರೆ ನನ್ನ ಹತ್ತಿರವೂ ನಾಲ್ಕು ಮಾತು ಸಿದ್ಧವಿದ್ದವು. ಮಾತು ಬಿಟ್ಟ, ಅಷ್ಟೇ. ಪಾಳಿ ಬದಲಾಗುವಾಗ ಯಾರಿಗೆ ಜ್ವರ, ಯಾರಿಗೆ ಡ್ರಿಪ್ ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿ ಹೊರಟುಬಿಡುತ್ತಿದ್ದ. ಇನ್ನು ಯಾವತ್ತೂ ಮಾತಾಡುವುದಿಲ್ಲವೇನೋ ಎಂಬ ಹೆದರಿಕೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಗ್ರಹಚಾರಕ್ಕೆ, ಅದಕ್ಕೂ ಮೊದಲೇ ಕನ್ನಡ ಕೂಟದ ನಾಟಕಕ್ಕೆ ಇಬ್ಬರೂ ಒಪ್ಪಿಕೊಂಡಿದ್ದೆವು. ಊರಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾಗಿ, ಈಗ ಇಲ್ಲಿನ ಪಾಪಟೊಯಿಟೊಯಿ ಬಡಾವಣೆಯಲ್ಲಿ ಮಗಳ ಮನೆಯಲ್ಲಿರುವ ಆಂಟಿಯೊಬ್ಬರು ಬರೆದದ್ದು. ಕೆಲವೇ ವರ್ಷ ಆಳಿದ ಒಬ್ಬ ರಾಷ್ಟ್ರಕೂಟ ದೊರೆಯ ಕಥೆ. ಅವನು ಆಡಳಿತವನ್ನು ತಮ್ಮನಿಗೆ ವಹಿಸಿ ಭೋಗದಲ್ಲಿ ಮುಳುಗಿದ, ತಮ್ಮ ಪಟ್ಟವನ್ನೇ ಕಿತ್ತುಕೊಂಡ. ಅಣ್ಣ ದೊರೆ, ನಾನು ತಮ್ಮ. ಯಾರಾದರೊಬ್ಬರು ಪಾತ್ರ ಬಿಡಬಹುದಿತ್ತು. ಬಿಟ್ಟರೆ ಸೋತಂತೆ ಎಂಬ ಹಟ ಇಬ್ಬರಿಗೂ.

ದೊರೆ ನಿಜಕ್ಕೂ ಅಷ್ಟು ಕೈಲಾಗದವನಾ ಎಂದು ಒಮ್ಮೆ ಆಂಟಿಯನ್ನು ಕೇಳಿದೆ. ಅದೆಲ್ಲ ಗೆದ್ದವರ ಕಡೆಯ ಶಾಸನಗಳ ಮಾತು, ಪಟ್ಟ ಹೋದಮೇಲೆ ಅವನೇನಾದ ಎಂಬುದೇ ಸರಿಯಾಗಿ ಗೊತ್ತಿಲ್ಲ ಎಂದರು. ಅಣ್ಣ ಪಕ್ಕದಲ್ಲೇ ಕೂತು ಕೇಳಿಸಿಕೊಂಡ. ನನಗೆ ಮೈ ಉರಿಯಿತು. ಇಂಟರ್‌ವ್ಯೂನಲ್ಲಿ ನಾನು ಅಣ್ಣನನ್ನು ಕೈಲಾಗದವನು ಎಂದಿರಲಿಲ್ಲ. ವಾರ್ಡಿಗೆ ಇನ್ನಷ್ಟು ಶಿಸ್ತು ಬೇಕು ಎಂದಿದ್ದೆ. ಎರಡಕ್ಕೂ ಏನೂ ವ್ಯತ್ಯಾಸವಿಲ್ಲವೆಂದು ನನಗೂ ಗೊತ್ತಿತ್ತು.

ನಾಟಕದ ದಿನ ಶಾಲೆಯ ಸಭಾಂಗಣ ತುಂಬಿತ್ತು. ಕೊನೆಯ ದೃಶ್ಯದಲ್ಲಿ ನಾನು ದೊರೆಯ ತಲೆಯಿಂದ ಕಿರೀಟ ತೆಗೆದು ತೊಟ್ಟುಕೊಳ್ಳಬೇಕು. ತಾಲೀಮಿನಲ್ಲಿ ಕಿರೀಟವಿಲ್ಲದೆ ಬರಿಗೈಯಲ್ಲೇ ಅದನ್ನು ಮುಗಿಸುತ್ತಿದ್ದೆವು, ಮುಟ್ಟುವ ಪ್ರಸಂಗ ಬಂದಿರಲಿಲ್ಲ. ಈಗ ರಟ್ಟಿನ ಕಿರೀಟಕ್ಕೆ ಕೈ ಹಾಕಿದೆ. ಅಣ್ಣನೂ ಎರಡು ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಎಳೆದೆ. ಬಿಡಲಿಲ್ಲ. ಅವನ ಕಣ್ಣು ಕೆಂಪಾಗಿತ್ತು. ನಾಟಕದ ಮಾತು ಬಿಟ್ಟರೆ, ತಿಂಗಳಾದ ಮೇಲೆ ಮೊದಲ ಸಲ ಕನ್ನಡದಲ್ಲಿ, ನನಗಷ್ಟೇ ಕೇಳುವಂತೆ ಹೇಳಿದ:

"ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತೇನೋ?"

ಪರದೆಯ ಹಿಂದಿನಿಂದ ಆಂಟಿ ನನ್ನ ಸಾಲನ್ನು ಪಿಸುಗುಟ್ಟುತ್ತಿದ್ದರು. ನನ್ನ ಬಾಯಿಗೆ ಬಂದದ್ದು ಬೇರೆಯೇ.

"ಕೇಳಿದ್ರೆ ನೀನು ಕೊಟ್‌ಬಿಡ್ತಿದ್ದೆ ಅಣ್ಣ. ಅದಕ್ಕೇ ಕೇಳ್ಲಿಲ್ಲ."

ಅಣ್ಣ ನನ್ನನ್ನೇ ನೋಡಿದ. ಆಮೇಲೆ ಕಿರೀಟವನ್ನು ತಾನೇ ತೆಗೆದು ನನ್ನ ತಲೆಗೆ ಇಟ್ಟ. ಓರೆಯಾಗಿತ್ತೆಂದು ಕಾಣುತ್ತದೆ, ಎರಡು ಬೆರಳಿನಿಂದ ನೆಟ್ಟಗೆ ಮಾಡಿದ.

"ಡೈಲಾಗ್ ಹೇಳು, ಜನ ಕಾಯ್ತಿದಾರೆ" ಎಂದ.

ಇಂದಿನಿಂದ ಈ ನೆಲದ ಒಡೆಯ ನಾನು ಎಂದೆ. ಜನ ಚಪ್ಪಾಳೆ ತಟ್ಟಿದರು. ಅಷ್ಟು ನಾಚಿಕೆ ನನಗೆ ಇನ್ಯಾವತ್ತೂ ಆದದ್ದಿಲ್ಲ.