ಷರಾದಲ್ಲಿ ಬರೆದಿದ್ದು

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಕಾಜಕ್ಕ ಎಂದು. ಅಂಗಿಯಲ್ಲಿ ಗುಂಡಿ ತೂರುವ ತೂತಿನ ಸುತ್ತ ದಾರ ಬಿಗಿಯುವುದಕ್ಕೆ ದರ್ಜಿಗಳು ಕಾಜಾ ಹಾಕುವುದು ಅನ್ನುತ್ತಾರೆ. ಮೂವತ್ತೈದು ವರ್ಷ ಅವಳು ಮನೆಯ ಕಿಟಕಿ ಪಕ್ಕ ಕುಳಿತು ಕಾಜಾ ಹಾಕಿದಳು, ಗುಂಡಿ ಹೊಲಿದಳು. ಆ ಬೀದಿಯ ಗಂಡಸರು ಎದೆಯುಬ್ಬಿಸಿ ಓಡಾಡಿದ್ದು ಅವಳ ಗುಂಡಿಗಳ ಧೈರ್ಯದ ಮೇಲೆ. ಆದರೂ ಯಾರಾದರೂ "ಏನ್ ಕೆಲಸ ಮಾಡ್ತೀರ?" ಎಂದು ಕೇಳಿದರೆ ಅವಳ ಉತ್ತರ ಒಂದೇ: "ಏನಿಲ್ಲಮ್ಮ, ಮನೇಲೇ ಇದ್ದೀನಿ." ಈ ಹಾಳು ಸಂಕೋಚವೇ ಅವಳಿಗೆ ಮುಳುವಾಗುವುದರಲ್ಲಿತ್ತು.

ಅರವತ್ತು ದಾಟುತ್ತಲೇ ಕಣ್ಣು ಕೈಕೊಟ್ಟಿತು. ಒಂದು ಸೂಜಿ ಎರಡಾಗಿ ಕಾಣತೊಡಗಿತು. "ಇನ್ನು ಸೂಜಿ ಹಿಡಿದ್ರೆ ಇರೋ ದೃಷ್ಟಿನೂ ಹೋಗುತ್ತೆ" ಎಂದರು ಡಾಕ್ಟರು. ಸೂಜಿ ಬಿಟ್ಟರೆ ಊಟಕ್ಕೇನು? ಜೊತೆಗಿದ್ದ ತಂಗಿ ಶಾಲೆಯಲ್ಲಿ ನೆಲ ಒರೆಸಿ ತರುತ್ತಿದ್ದದ್ದು ಒಬ್ಬರಿಗೇ ಸಾಲದು. ಅಷ್ಟರಲ್ಲಿ ಹೊಸ ಕಾನೂನು ಬಂತು. ಮನೆಯಲ್ಲಿ ಕುಳಿತು ಕೂಲಿಗೆ ದುಡಿದವರಿಗೂ ಪಿಂಚಣಿಯಂತೆ. ಆದರೆ ಹತ್ತು ವರ್ಷದ ಹಿಂದೆಯೇ ದುಡಿಯುತ್ತಿದ್ದರು ಎನ್ನುವುದಕ್ಕೆ ಪುರಾವೆ ಬೇಕಂತೆ.

ಕೆಲಸ ಕೊಡುತ್ತಿದ್ದ ದರ್ಜಿ ತೀರಿಕೊಂಡಿದ್ದ. ಅವನ ಮಗ ಅವಳೇ ಕಾಜಾ ಹಾಕಿದ ಅಂಗಿ ತೊಟ್ಟು ನಿಂತು, "ಸರ್ಕಾರದ ತಂಟೆ ನನಗ್ಯಾಕೆ ಅತ್ತೆ? ನೀವೇನು ನಮ್ಮಂಗಡೀಲಿ ಕೂತು ಮಾಡಿದ್ರಾ?" ಎಂದು ಕೈತೊಳೆದುಕೊಂಡ. ಅಂಥವನ ಗುಂಡಿಗಳು ನಡುಬೀದಿಯಲ್ಲಿ ಕಿತ್ತುಹೋಗಬೇಕು. ಹೋಗುವುದಿಲ್ಲ, ಅವಳ ಹೊಲಿಗೆ ಅಷ್ಟು ಗಟ್ಟಿ.

ಕೊನೆಗೆ ತಂಗಿ ಅವಳನ್ನು ಪಿಂಚಣಿ ಕಚೇರಿಗೇ ಎಳೆದುಕೊಂಡು ಹೋದಳು. ಕನ್ನಡಕದ ಗುಮಾಸ್ತೆಯೊಬ್ಬಳು ಹದಿನೈದು ವರ್ಷದ ಹಿಂದಿನ ಮನೆಮನೆ ಸಮೀಕ್ಷೆಯ ಕಡತ ತೆರೆದಳು.

"ಅಮ್ಮಾ, ಇಲ್ಲಿ ಉದ್ಯೋಗದ ಮುಂದೆ 'ಇಲ್ಲ' ಅಂತಿದೆಯಲ್ಲ. ನೀವೇ ಹೇಳಿದ್ದಂತೆ."

ಕಾಜಕ್ಕನಿಗೆ ನೆನಪಾಯಿತು. ಸಮೀಕ್ಷೆಗೆಂದು ಬಿಸಿಲಲ್ಲಿ ಸುಸ್ತಾಗಿ ಬಂದ ಹೆಂಗಸು, ಕೊಟ್ಟ ನೀರು, ಹೇಳಿದ ಅದೇ ಮಾತು.

"ನಿನ್ನ ಬಾಯಿಗೇ ಒಂದು ಕಾಜಾ ತೆಗೆದು ಗುಂಡಿ ಹಾಕ್ಬೇಕಿತ್ತು ಕಣಕ್ಕ!" ಎಂದಳು ತಂಗಿ. ಹೇಳಿ ಅವಳೇ ಅತ್ತಳು.

ಗುಮಾಸ್ತೆ ಹಾಳೆ ಮಗುಚಲು ಹೋದವಳು ನಿಂತಳು. ಅಂಚಿನಲ್ಲಿ ಷರಾ ಎಂಬ ಕಾಲಂ ಇರುತ್ತದಲ್ಲ, ಯಾರೂ ಬರೆಯದ, ಯಾರೂ ಓದದ ಜಾಗ, ಅಲ್ಲಿ ಇರುವೆಯಂಥ ಅಕ್ಷರಗಳಿದ್ದವು. ಅವಳು ಗಟ್ಟಿಯಾಗಿ ಓದಿದಳು:

"ಉದ್ಯೋಗ ಇಲ್ಲ ಎನ್ನುತ್ತಾರೆ. ನಾನು ಕುಳಿತಿದ್ದ ಅರ್ಧ ಗಂಟೆಯಲ್ಲಿ ಆರು ಕಾಜಾ ಮುಗಿಸಿದರು. ಪಕ್ಕದಲ್ಲಿ ದರ್ಜಿ ಅಂಗಡಿಯ ಅಂಗಿಗಳ ದೊಡ್ಡ ಗಂಟು. ತಲೆ ಎತ್ತಿ ಮಾತಾಡಲೂ ಪುರುಸೊತ್ತಿಲ್ಲ."

ಓದಿ ಮುಗಿಸಿ ಕನ್ನಡಕ ತೆಗೆದಳು. "ಇದೂ ಸರ್ಕಾರಿ ದಾಖಲೆನೇ ಅಮ್ಮಾ. ಇಷ್ಟು ಸಾಕು."

ಕಾಜಕ್ಕನ ಎದೆ ಮೇಲಿಂದ ಕಲ್ಲು ಇಳಿದಂತಾಯಿತು. ಪಿಂಚಣಿಯ ಸಂತೋಷ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಹೆಸರೂ ಗೊತ್ತಿಲ್ಲದ ಆ ಹೆಂಗಸು ತನ್ನ ಬಾಯಿಮಾತು ನಂಬದೆ ಕೈ ನೋಡಿದ್ದಳಲ್ಲ, ಅದಕ್ಕೆ ಅವಳಿಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುಮಾಸ್ತೆ ಹೊಸ ಅರ್ಜಿ ತೆಗೆದಳು. "ಈಗ ಹೇಳಿ, ಏನ್ ಕೆಲಸ?"

"ಏನಿಲ್ಲ..." ಎಂದು ಶುರುವಾಗುತ್ತಲೇ ಮೇಜಿನ ಕೆಳಗೆ ತಂಗಿ ಕಾಲು ತುಳಿದಳು.

"ಕಾಜಾ ಹಾಕ್ತೀನಿ," ಎಂದಳು ಕಾಜಕ್ಕ, ಪಕ್ಕದ ಸಾಲಿನವರೂ ತಿರುಗಿ ನೋಡುವಷ್ಟು ಜೋರಾಗಿ. ಗುಮಾಸ್ತೆ ಬರೆಯತೊಡಗಿದಳು. ಕಾಜಕ್ಕ ತಡೆದಳು.

"ಒಂದ್ನಿಮಿಷ ಇರಮ್ಮ. ಹಾಕ್ತಿದ್ದೆ, ಅಂತ ಬರ್ಕೋ."