ಅವ್ವ ಚಾಚಿದ ಕಾಲು

ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗಳು ನಾನು. ಆ ಹೆಮ್ಮೆ ಇಂದಿಗೂ ಇದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ವಯಸ್ಸಾದವರನ್ನೂ ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುವ ಕೆಲಸದ ತರಬೇತಿಗೆಂದು ಕೊಂಡ್ಲಹಳ್ಳಿಯಿಂದ ಚಳ್ಳಕೆರೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ಓಣಿಯ ಗೆಳತಿಯೊಬ್ಬಳೂ ಜೊತೆಗಿದ್ದಳು.

ಮನೆಯ ಹಿರಿಯರೊಬ್ಬರ ಕಾಲು ತೊಳೆದು, ಉಗುರು ಕತ್ತರಿಸಿ ಅಭ್ಯಾಸ ಮಾಡಿಕೊಂಡು ಬನ್ನಿ ಎಂದು ತರಬೇತಿಯ ಮೇಡಂ ಹೇಳಿದರು. ನಾನು ಬಿಸಿನೀರು ಇಟ್ಟುಕೊಂಡು ಕೂತರೆ ಅವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಡಿಗ್ರಿ ಓದಿದೋಳು ನನ್ನ ಕಾಲು ಹಿಡಿತೀಯೇನೇ? ನೋಡಿದೋರು ಏನಂತಾರೆ!"

ಅಷ್ಟರಲ್ಲಿ ಗೆಳತಿ ಬಂದಳು. ಅವಳ ಮನೆಯಲ್ಲಿ ಹಿರಿಯರಿರಲಿಲ್ಲ. "ದೊಡ್ಡವ್ವ, ನಂಗಾದ್ರೂ ಕೊಡು" ಎಂದದ್ದೇ ತಡ, ಅವ್ವ ಎರಡೂ ಕಾಲು ಚಾಚಿದಳು. ಶೇಂಗಾ ಕೀಳುವಾಗ ಹಿಮ್ಮಡಿಗೆ ಮುಳ್ಳು ಹೊಕ್ಕು ಒಳಗೇ ಮುರಿದದ್ದನ್ನು ನಗುನಗುತ್ತ ಅವಳಿಗೆ ಹೇಳತೊಡಗಿದಳು. ನನಗೆ ಒಂದು ದಿನವೂ ಹೇಳಿರಲಿಲ್ಲ.

"ಏಳೇ ಅತ್ಲಾಗೆ, ಅದು ನಮ್ಮವ್ವನ ಕಾಲು" ಎಂದೆ.

"ಕಾಲಿನ ಮ್ಯಾಲೆ ನಿನ್ನ ಹೆಸರು ಬರದೈತೇನೇ?" ಎಂದು ಅವಳು ನಕ್ಕಳು.

"ಕಿತ್ತಾಡಬ್ಯಾಡ್ರೇ, ಎರಡು ಕಾಲು ಅದಾವಲ್ಲ" ಎಂದ ಅವ್ವ ನನ್ನತ್ತ ತಿರುಗಿ, "ನೀನು ಮೊದ್ಲು ಬಾಗ್ಲು ಹಾಕಿ ಬಾ" ಎಂದಳು.

ಬಾಗಿಲು ಹಾಕಿ ಬಂದು ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡೆ. ಅವ್ವ ಅವಳ ಕಡೆಗೇ ಮುಖ ಮಾಡಿ ಮುಳ್ಳಿನ ಮಾತು ಮುಂದುವರಿಸಿದಳು.