ಗರಗಸಕ್ಕೆ ಹಾಕಿದ ಎಣ್ಣೆ

ನಮ್ಮ ಕಡೆ ಎಣ್ಣೆ ಅಂದರೆ ತೆಂಗಿನೆಣ್ಣೆ. ಬೇರೆಯದಾದರೆ ಮಾತ್ರ ಹೆಸರು ಹಿಡಿದು ಹೇಳಬೇಕು, ಎಳ್ಳೆಣ್ಣೆ, ಸೀಮೆಎಣ್ಣೆ ಎಂದು. ಈ ಒಂದು ಮಾತನ್ನು ನಾನು ಎಷ್ಟೋ ವರ್ಷ ನೆಪವಾಗಿ ಹಿಡಿದುಕೊಂಡು ಕೂತಿದ್ದೆ. ಈಗ ಸಾಕಾಗಿದೆ.

ಅರುವತ್ತರ ದಶಕದ ಸುದ್ದಿ. ಆಲಂಕಾರಿನಲ್ಲಿ ನಮ್ಮ ಮನೆಯ ಬದಿಗೆ ಇಳಿಸಿದ ಮಾಡಿನ ಕೆಳಗೆ ನನ್ನ ಕಾರ್ಖಾನೆ ಇತ್ತು. ಕಾರ್ಖಾನೆ ಎಂದು ಕರೆಯುತ್ತಿದ್ದವ ನಾನೊಬ್ಬನೇ ಬಿಡಿ. ಒಂದು ಬೆಂಚು, ಗರಗಸ ಬಿಗಿಯಲು ಮರದ ಹಿಡಿಕೆ, ಗೋಡೆಗೆ ಸಿಕ್ಕಿಸಿದ ಏಳೆಂಟು ಅರಗಳು. ಮರ ಕೊಯ್ಯುವವರ ಉದ್ದ ಗರಗಸಗಳಿಗೆ ಅರ ಹಾಕಿ ಹಲ್ಲು ಹರಿತ ಮಾಡುವುದು ನನ್ನ ಕೆಲಸ. ಕೆಲಸ ಚೆನ್ನಾಗಿ ಬರುತ್ತಿತ್ತು. ಅದಕ್ಕಿಂತ ಚೆನ್ನಾಗಿ ಬಡಾಯಿ ಬರುತ್ತಿತ್ತು.

ಹಾಗಿರುವಾಗ ಮರದ ಕಂತ್ರಾಟಿನ ಧಣಿಯೊಬ್ಬರು ಎಲ್ಲಿಂದಲೋ ಒಂದು ಹಳೆಯ ಮೋಟಾರು ಗರಗಸ ತಂದರು. ನಮ್ಮ ಊರಿನವರು ಅಂಥದ್ದನ್ನು ಕಂಡದ್ದೇ ಮೊದಲು. ನಡೆಸಲು ಈಶ್ವರಮಂಗಲದ ಕಡೆಯವನೊಬ್ಬನನ್ನು ಇಟ್ಟುಕೊಂಡರು. ಐವತ್ತು ದಾಟಿದ ಆಸಾಮಿ. ಇಪ್ಪತ್ತು ವರ್ಷ ದಿಮ್ಮಿಯ ಅಡಿಯ ಗುಂಡಿಯೊಳಗೆ ನಿಂತು ಕೆಳಗಿನಿಂದ ಗರಗಸ ಎಳೆದು, ಕಣ್ಣಿಗೆಲ್ಲ ಮರದ ಹುಡಿ ತುಂಬಿಸಿಕೊಂಡವನು. ಗಡಿಯಾಚೆಯ ತೋಟವೊಂದರಲ್ಲಿ ಈ ಮಿಷನ್ ಕಲಿತಿದ್ದ. ಗುಂಡಿಯಿಂದ ಮೇಲೆ ಬಂದದ್ದೇ ಅವನಿಗೆ ದೊಡ್ಡ ಸಂಗತಿ. "ಈಗ ನನ್ನ ಕಣ್ಣು ನೋಡಿ, ಕೆಂಪು ಉಂಟಾ?" ಎಂದು ಕಂಡಕಂಡವರನ್ನು ಕೇಳುತ್ತಿದ್ದ.

ಮಿಷನ್ ರಿಪೇರಿಗೆ ನನ್ನಲ್ಲಿಗೇ ಬಂತು. ಬಾರದೆ ಇರುತ್ತದೆಯೇ, "ತಿರುಗುವುದಾದರೆ ನಾನು ಸರಿಮಾಡುವೆ" ಎಂದು ಊರಿಡೀ ಸಾರಿದವನಲ್ಲವೇ ನಾನು! ಚೈನಿನ ಹಲ್ಲುಗಳಿಗೆ ಅರ ಹಾಕಿದೆ. ಎಣ್ಣೆಯ ಟಾಂಕಿ ಬಿಚ್ಚಿ ಒರೆಸಿದೆ. ಚೈನು ಸುತ್ತುವಾಗ ಹೆಬ್ಬೆರಳಿನಿಂದ ಬಟನಿನಂಥ ಒಂದು ಗುಬ್ಬಿ ಒತ್ತಬೇಕು, ಆಗ ಟಾಂಕಿಯಿಂದ ಎಣ್ಣೆ ಜಿನುಗಿ ಚೈನಿಗೆ ಬೀಳುತ್ತದೆ. ಬೀಳದಿದ್ದರೆ ಚೈನು ಕಾದು ಹಾಳಾಗುತ್ತದೆ.

"ಎಣ್ಣೆ ತುಂಬಿಸಿ ಇಡಿ ಮಾರಾಯ್ರೆ, ಬೆಳಿಗ್ಗೆ ಬೇಗ ಬರ್ತೇನೆ" ಎಂದು ಹೇಳಿ ಅವನು ಹೋದ.

ನೋಡಿದರೆ ಮಿಷನಿನ ಎಣ್ಣೆಯ ಡಬ್ಬ ಖಾಲಿ. ತರಬೇಕಾದರೆ ಪುತ್ತೂರಿಗೇ ಹೋಗಬೇಕು, ಬಸ್ಸಿನಲ್ಲಿ ಅರ್ಧ ದಿನ. ಒಳಗಿನಿಂದ ತೆಂಗಿನೆಣ್ಣೆಯ ಕುಪ್ಪಿ ತಂದೆ. ಹೆಂಡತಿ ಬಾಗಿಲಲ್ಲಿ ನಿಂತು, "ಅದಕ್ಕೆ ಇದು ಆಗ್ತದಾ? ಅವರದ್ದು ಕಪ್ಪು ಎಣ್ಣೆ ಅಲ್ವಾ?" ಎಂದಳು.

"ನೀನು ಒಗ್ಗರಣೆ ನೋಡಿಕೋ. ಗರಗಸದ್ದು ನನಗೆ ಬಿಡು."

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಟಾಂಕಿಯ ತಳದ ಕಪ್ಪನ್ನು ನಾನೇ ಬಟ್ಟೆಯಲ್ಲಿ ಒರೆಸಿದ್ದೆ. ಸೋಮಾರಿತನ, ಮೇಲಿಂದ ಜಂಬ. ಕೈಗರಗಸಕ್ಕೆ ಜೀವಮಾನವಿಡೀ ಹಚ್ಚಿದ ಎಣ್ಣೆ ಇದಕ್ಕೇಕೆ ಆಗಬಾರದು ಎಂದುಕೊಂಡು ಹುಯ್ದುಬಿಟ್ಟೆ.

ಡಿಸೆಂಬರಿನ ಚಳಿ. ಮರುದಿನ ಬೆಳಗ್ಗೆ ಅವರು ಕಡಬದಾಚೆಯ ಗುಡ್ಡದಲ್ಲಿ ಕೆಲಸ ಹಿಡಿದರು. ಮಧ್ಯಾಹ್ನದ ಉರಿಬಿಸಿಲಿಗೆ ಲಾರಿ ನನ್ನ ಅಂಗಳದಲ್ಲಿ ನಿಂತಿತು. ಚೈನು ತುಂಡಾಗಿತ್ತು, ಅದು ಸುತ್ತುವ ಉಕ್ಕಿನ ಪಟ್ಟಿ ಕಾದು ನೀಲಿಗಟ್ಟಿತ್ತು. ಧಣಿ ಇಳಿಯುವಾಗಲೇ ಕೂಗಾಡುತ್ತಿದ್ದರು. "ಎಣ್ಣೆಯೇ ಬಿಡಲಿಲ್ಲ ಈ ಮನುಷ್ಯ! ನಿದ್ರೆ ಮಾಡ್ತಿದ್ದನಾ ಎಂತ?"

"ಒತ್ತಿದೆ ಧಣಿ. ಬರಲಿಲ್ಲ. ನಿಲ್ಲಿಸ್ತೇನೆ ಅಂದೆ, ಲಾರಿ ಕಾಯ್ತಾ ಉಂಟು ಅಂತ ನೀವೇ ಹೇಳಿದ್ದು."

"ಬಾಯಿ ಮುಚ್ಚು! ನೀವು ನೋಡಿ ಹೇಳಿ ಮಾರಾಯ್ರೆ" ಎಂದು ಧಣಿ ನನ್ನ ಕಡೆ ತಿರುಗಿದರು.

ನಾನು ಗುಬ್ಬಿ ಒತ್ತಿದೆ. ಎಣ್ಣೆ ಧಾರಾಳವಾಗಿ ಬಂತು. ಮತ್ತೊಮ್ಮೆ ಒತ್ತಿದೆ, ಮತ್ತೂ ಬಂತು. ತೆಂಗಿನೆಣ್ಣೆಯ ವಾಸನೆ ಇತ್ತು, ಆದರೆ ಆ ವಾಸನೆ ನಮ್ಮೆಲ್ಲರ ತಲೆಯಲ್ಲೂ ಇತ್ತಲ್ಲ, ಯಾರು ಗಮನಿಸುತ್ತಾರೆ! ನಾನು ಸೊಂಟಕ್ಕೆ ಕೈಕೊಟ್ಟು ನಿಂತು, "ಮಿಷನ್ ಸರಿ ಉಂಟು. ನಡೆಸಿದವನದ್ದೇ ತಪ್ಪು" ಎಂದು ತೀರ್ಪು ಕೊಟ್ಟೆ. ಅವನು ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡ. ಒತ್ತಿ ಒತ್ತಿ ಉಗುರಿನಡಿ ರಕ್ತ ಕಪ್ಪಾಗಿತ್ತು. ಧಣಿ ಅವನನ್ನು ಕೆಲಸದಿಂದ ತೆಗೆದು ಅಲ್ಲಿಯೇ ಬಿಟ್ಟು ಹೋದರು.

ಮಾರನೆಯ ಬೆಳಗ್ಗೆ ಮೀಯುವ ಮೊದಲು ತಲೆಗೆ ಎಣ್ಣೆ ಕೇಳಿದೆ. "ಚಳಿಗೆ ಗಟ್ಟಿಯಾಗಿದೆ, ತಡೀರಿ" ಎಂದು ಹೆಂಡತಿ ಕುಪ್ಪಿಯನ್ನು ಒಲೆಯ ಬದಿಗೆ ಇಟ್ಟಳು. ನಾನು ಕುಪ್ಪಿಯನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಪ್ರತಿ ಚಳಿಗಾಲದಲ್ಲೂ ಕಾಣುವ ಬಿಳಿ ಗಟ್ಟಿ ಎಣ್ಣೆ! ಮುಂಜಾನೆ ಟಾಂಕಿಯೊಳಗೆ ಹೆಪ್ಪುಗಟ್ಟಿದ್ದು ಬಿಸಿಲಿಗೆ ಕರಗಿ, ನನ್ನ ಅಂಗಳದಲ್ಲಿ ನನ್ನ ಪರವಾಗಿ ಸಾಕ್ಷಿ ಹೇಳಿತ್ತು.

"ಹೋಗಿ ಹೇಳಿ ಬನ್ನಿ" ಎಂದಳು.

ಹೋಗಲಿಲ್ಲ. ಇವತ್ತು, ನಾಳೆ ಎಂದೆ. ಟಾಂಕಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪುತ್ತೂರಿನಿಂದ ಕಪ್ಪೆಣ್ಣೆ ತಂದು ತುಂಬಿಸಿ, ಹೊಸ ಚೈನು ಹಾಕಿ ಕೊಟ್ಟೆ. "ನಿಮ್ಮಂಥವರು ಬೇಕು ಮಾರಾಯ್ರೆ" ಎಂದು ಧಣಿ ಹೊಗಳಿದರು. ಥೂ, ಆ ಹೊಗಳಿಕೆಗೂ ನಾನು ಹಲ್ಲು ಕಿರಿದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವ ನಾನು, ಉಂಡವನು ಅವನು. ಅವನು ಮತ್ತೆ ಗುಂಡಿಗೆ ಇಳಿದ ಎಂದು ಸುದ್ದಿ ಬಂತು.

ಮರುವರ್ಷ ಅದೇ ಚಳಿಯಲ್ಲಿ ಒಂದು ಬೆಳಗ್ಗೆ ಅವನೇ ಬಂದ, ಹೆಗಲ ಮೇಲೆ ಉದ್ದ ಗರಗಸ. ಕಣ್ಣು ಕೆಂಪಗಿತ್ತು. ನಾನು ತಲೆಯೆತ್ತದೆ ಅರ ಹಾಕಿದೆ. ತುಂಬ ಹೊತ್ತಿನ ಮೇಲೆ ಅವನು ಮೆಲ್ಲಗೆ ಕೇಳಿದ. "ನೀವು ಮಿಷನ್ ತಿಳಿದವರು, ಹಾಗಾಗಿ ಕೇಳುದು. ಅವತ್ತು ನಾನು ಒತ್ತಿದ್ದೆ ಅಂತ್ಲೇ ನನ್ನ ನೆನಪು. ನನ್ನ ಬೆರಳಿಗೆ ಬಲ ಸಾಲದೆ ಹೋಯ್ತಾ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ದೇವರು ಕೊಡಲಾರ. ನಾನು ಹೇಳಿದ್ದು ಏನು ಗೊತ್ತೇ? "ಪ್ರಾಯ ಆಯ್ತಲ್ಲ ಮಾರಾಯ. ಆಗ್ತದೆ ಹಾಗೆ."

ಅವನು ತಲೆಯಾಡಿಸಿದ. "ಹಾಗೇ ಇರ್ಬೇಕು. ಸ್ವಲ್ಪ ಎಣ್ಣೆ ಉಂಟಾ, ಗರಗಸಕ್ಕೆ ಹಚ್ಚಲಿಕ್ಕೆ?"

ನಾನು ಏಳುವ ಮೊದಲೇ ಹೆಂಡತಿ ಕುಪ್ಪಿ ತಂದು ಅವನ ಕೈಗೆ ಕೊಟ್ಟಳು. ಯಾವಾಗಲೂ ಒಲೆಯ ಬದಿ ಇಟ್ಟು ಕರಗಿಸಿ ಕೊಡುವವಳು ಅಂದು ಹಾಗೆಯೇ ಕೊಟ್ಟಳು. ಬೇಕೆಂದೇ ಹಾಗೆ ಮಾಡಿದಳೋ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಅವನು ಕುಪ್ಪಿಯನ್ನು ಅಂಗೈ ಮೇಲೆ ಬಗ್ಗಿಸಿದ. ತಲೆಕೆಳಗೆ ಹಿಡಿದು ಬುಡಕ್ಕೆ ಬಡಿದ.

"ಬರುದಿಲ್ಲ" ಎಂದ.

ಕುಪ್ಪಿಯನ್ನು ನೋಡಿದ. ನನ್ನ ಬೆಂಚನ್ನು ನೋಡಿದ. ಆಮೇಲೆ ಹೆಬ್ಬೆರಳನ್ನು ನೋಡಿದ, ನನ್ನನ್ನಲ್ಲ. ಕುಪ್ಪಿಯನ್ನು ಮೆಟ್ಟಿಲ ಮೇಲೆ ಬಿಸಿಲು ಬೀಳುವಲ್ಲಿ ಇಟ್ಟು, ಎಣ್ಣೆ ಹಚ್ಚದ ಗರಗಸವನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ.